ಅಪರೂಪದ ಕಲ್ಲು: ಆಸೆಯೂ ಬೇಡ, ಅಂಜಿಕೆಯೂ ಬೇಡ

ಮಳೆಗಾಲ ಕಳೆದು ಹಳ್ಳದ ನೀರು ಇಳಿದಾಗ, ಅಂಕೋಲಾ ತಾಲ್ಲೂಕಿನ ಹಿಲ್ಲೂರಿನಂತಹ ಘಟ್ಟದಡಿಯ ಊರುಗಳಲ್ಲಿ ಹೊಸ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಬಾವಿ ತೋಡುವಾಗ, ಧರೆ ಕುಸಿದಾಗಲೂ ಹಾಗೆಯೇ. ಅಸಾಮಾನ್ಯ ಭಾರದ ಕರಿಯ ಕಲ್ಲೊಂದು ದೊರೆತರೆ ಅದನ್ನು ಮನೆಗೆ ತಂದು ಜಗಲಿಯಲ್ಲೋ ದೇವರ ಕೋಣೆಯಲ್ಲೋ ಇರಿಸುವ ಕುತೂಹಲವನ್ನು ನಾವು ಹಳಿಯುವುದಿಲ್ಲ. ಆದರೆ ಕಲ್ಲು ಯಾವುದೆಂದು ತಿಳಿಯುವ ಮೊದಲೇ ಅದನ್ನು ಒಡೆಯುವುದು, ಪುಡಿ ಮಾಡುವುದು, ಮನೆಯೊಳಗೆ ಕಾಪಿಡುವುದು ಆರೋಗ್ಯಕ್ಕೆ ಹಿತವಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ.

ವಿಕಿರಣವೆಂದೊಡನೆ ಈ ಸೀಮೆಯವರಿಗೆ ನೆನಪಾಗುವುದು ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರ. ಆದರೆ ಸ್ಥಾವರ ಬರುವುದಕ್ಕೆ ಬಹು ಮೊದಲೇ ವಿಕಿರಣವು ಈ ನೆಲದ ಶಿಲೆಗಳಲ್ಲಿತ್ತು. ಅಂಕೋಲಾ-ಹುಬ್ಬಳ್ಳಿ ಹೆದ್ದಾರಿಯ ಅರಬೈಲು ಘಟ್ಟದ ಅತಿ ಪ್ರಾಚೀನ ಶಿಲೆಗಳಲ್ಲಿ ಯುರೇನಿಯಂ ಅಂಶವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಉಳ್ಳ ಮೊನಜೈಟ್ ಇದೆ. ಇದರಿಂದ ದಿಗಿಲುಗೊಳ್ಳಬೇಕಿಲ್ಲ. ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾನಾಗಿಯೇ ತಾಕುತ್ತದೆ. ಗುಡ್ಡದ ಕಲ್ಲು ಗುಡ್ಡದಲ್ಲಿಯೇ ಇದ್ದರೆ ದಾರಿಹೋಕರಿಗೆ ಕೇಡಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಯುರೇನಿಯಂನ ಮುಖ್ಯ ಖನಿಜವಾದ ಯುರೇನಿನೈಟ್ ಕಪ್ಪಗೆ, ಡಾಂಬರಿನಂತಹ ಹೊಳಪಿನಿಂದ, ಗಾತ್ರಕ್ಕೆ ಮೀರಿದ ಭಾರದಿಂದ ಕೂಡಿರುತ್ತದೆ. ಅದು ಗಾಳಿ ನೀರುಗಳಿಗೆ ಸಿಕ್ಕಿ ಮಾರ್ಪಟ್ಟಾಗ ಹಳದಿ ಅಥವಾ ಹಸಿರು ಪುಡಿಯಂತಹ ಲೇಪ ಕಾಣಿಸಿಕೊಳ್ಳುವುದುಂಟು. ಆದರೆ ಕಪ್ಪು ಬಣ್ಣವೂ ಭಾರವೂ ಸಾಕ್ಷಿಯಾಗಲಾರವು. ಜೋಯಿಡಾ ಭಾಗದ ಮ್ಯಾಂಗನೀಸ್ ಅದಿರು ಕಪ್ಪು, ಕಬ್ಬಿಣದ ಅದಿರೂ ಭಾರ. ಇಂತಹ ಕಲ್ಲು ಕತ್ತಲೆಯಲ್ಲಿ ತಾನೇ ಬೆಳಗುತ್ತದೆಂಬ ಮಾತೂ ನಿಜವಲ್ಲ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಿಸಿಯಿಲ್ಲ. ಗೈಗರ್ ಮಾಪಕದಂತಹ ಉಪಕರಣವೊಂದೇ ಅದನ್ನು ಹೇಳಬಲ್ಲದು. ಆದ್ದರಿಂದ ಮನೆಯಲ್ಲಿ ಪರೀಕ್ಷಿಸುವ ಸಾಹಸ ವ್ಯರ್ಥ.

ಅಪಾಯದ ಬಗೆಯನ್ನು ತಿಳಿದರೆ ಎಚ್ಚರಿಕೆಯ ಬಗೆ ತಾನಾಗಿ ತಿಳಿಯುತ್ತದೆ. ಯುರೇನಿಯಂ ಸೂಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೂ ತಡೆಯುತ್ತದೆ, ನಮ್ಮ ಚರ್ಮವೂ ತಡೆಯುತ್ತದೆ. ಅದೇ ಕಲ್ಲಿನ ಧೂಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ, ಕೈಯಿಂದ ಬಾಯಿ ಸೇರಿದರೆ, ತಡೆಯುವ ಚರ್ಮ ಒಳಗಿಲ್ಲ. ಯುರೇನಿಯಂ ಮೂತ್ರಪಿಂಡಕ್ಕೂ ವಿಷ. ಮುಚ್ಚಿದ ಕೋಣೆಯಲ್ಲಿ ಇಂತಹ ಕಲ್ಲಿನಿಂದ ಹೊರಡುವ ರೇಡಾನ್ ಅನಿಲ ಸಂಗ್ರಹವಾಗುತ್ತದೆ. ಬಹುಕಾಲ ಅದನ್ನು ಉಸಿರಾಡುವುದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಸಂಶಯ ಬಂದ ಕಲ್ಲನ್ನು ಇದ್ದಲ್ಲಿಯೇ ಬಿಡುವುದು ಉತ್ತಮ. ಈಗಾಗಲೇ ಮನೆಗೆ ತಂದಿದ್ದರೆ ಕೈಗವಸು ತೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮುಚ್ಚಳವುಳ್ಳ ಡಬ್ಬಿಯಲ್ಲಿರಿಸಿ, ಜನರು ಮಲಗುವ ಮತ್ತು ಉಣ್ಣುವ ಸ್ಥಳದಿಂದ ದೂರವಾಗಿ, ಗಾಳಿಯಾಡುವ ಹೊರಗಿನ ಕೊಟ್ಟಿಗೆಯಲ್ಲಿ ಇಡಬೇಕು. ಮಕ್ಕಳಿಗೂ ದನಕರುಗಳಿಗೂ ಎಟುಕದಿರಲಿ. ಕಲ್ಲಿದ್ದ ಜಾಗವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೈಗಳನ್ನು ಸಾಬೂನಿನಿಂದ ತೊಳೆದೇ ಊಟಕ್ಕೆ ಕುಳಿತುಕೊಳ್ಳಬೇಕು. ಹೆದರಿ ಬಾವಿಗೋ ಹೊಳೆಗೋ ಎಸೆಯಬಾರದು. ಕಡಿಮೆ ಹೊತ್ತು, ಹೆಚ್ಚು ದೂರ, ನಡುವೆ ಮರೆ: ವಿಕಿರಣದಿಂದ ರಕ್ಷಣೆಯ ಸೂತ್ರಗಳು ಈ ಮೂರೇ.

ಬಳಿಕ ಗ್ರಾಮ ಪಂಚಾಯಿತಿಯ ಮೂಲಕ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ತಿಳಿಸಬೇಕು. ಯುರೇನಿಯಂ ಅಥವಾ ಥೋರಿಯಂ ಕಂಡುಬಂದರೆ ಮೂರು ತಿಂಗಳೊಳಗೆ ಸರಕಾರಕ್ಕೆ ಲಿಖಿತವಾಗಿ ತಿಳಿಸಬೇಕೆಂದು 1962ರ ಅಣುಶಕ್ತಿ ಕಾಯ್ದೆಯೇ ವಿಧಿಸಿತ್ತು. ಇದು ಯಾರೊಬ್ಬರೂ ಬಚ್ಚಿಟ್ಟು ಮಾರುವ ಸರಕಲ್ಲ.

ಇಲ್ಲಿಯೇ ಇನ್ನೊಂದು ಕೇಡು ಹೊಂಚು ಹಾಕಿರುತ್ತದೆ. ಸಿಡಿಲು ಬಡಿದ ತಾಮ್ರದ ಪಾತ್ರೆ ಅಕ್ಕಿಯನ್ನು ಸೆಳೆಯುತ್ತದೆ, ಅದಕ್ಕೆ ಕೋಟಿ ಬೆಲೆಯಿದೆ ಎಂದು ನಂಬಿಸಿ ಹಣ ದೋಚುವ ‘ರೈಸ್ ಪುಲ್ಲಿಂಗ್’ ವಂಚಕರನ್ನು ಕರ್ನಾಟಕದ ಪೊಲೀಸರು ಮತ್ತೆ ಮತ್ತೆ ಬಂಧಿಸಿದ್ದಾರೆ. ‘ವಿಕಿರಣದ ಕಲ್ಲು’ ಎಂಬ ಹೆಸರಿನಲ್ಲಿಯೂ ಇದೇ ಆಟ ನಡೆಯುತ್ತದೆ. ಪರೀಕ್ಷೆಯ ಖರ್ಚಿಗೆಂದು ಮುಂಗಡ ಕೇಳುವವನು ವಿಜ್ಞಾನಿಯಲ್ಲ. ಕಲ್ಲು ಸುಳ್ಳಾದರೆ ಹಣ ಹೋಯಿತು, ನಿಜವಾದರೆ ಆರೋಗ್ಯ ಹೋಯಿತು.

ಆಸೆಯು ಕಲ್ಲನ್ನು ಮನೆಯೊಳಗೆ ತರುತ್ತದೆ, ಅಂಜಿಕೆಯು ಅದನ್ನು ಬಾವಿಗೆ ಎಸೆಯುತ್ತದೆ. ಎರಡನ್ನೂ ಬಿಟ್ಟು ತಿಳಿದವರನ್ನು ಕೇಳುವ ವಿವೇಕವನ್ನು ಸದ್ಭಕ್ತರು ತಮ್ಮ ಮನೆಯ ಮಕ್ಕಳಿಗೂ ಕಲಿಸಲೆಂದು ನಾವು ಬಯಸುತ್ತೇವೆ.