ಖಾತೆ ನಮ್ಮದು, ಕೋಡ್ ಮಾತ್ರ ಇನ್ನೊಬ್ಬರಿಗೆ

ಅರಸೀಕೆರೆ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇದೆ. ಸಿಇಟಿ, ನೀಟ್, ಸ್ಕಾಲರ್‌ಶಿಪ್, ಜಾತಿ-ಆದಾಯ ಪ್ರಮಾಣಪತ್ರ ಎಂದು ಜನ ಬರುತ್ತಾರೆ. ಈಗೀಗ ಇನ್ನೊಂದು ಕೆಲಸಕ್ಕೂ ಬರುತ್ತಿದ್ದಾರೆ. ಪಾಸ್‌ವರ್ಡ್ ಮರೆತಿದೆ, ಕೋಡ್ ಹೋಗುವ ನಂಬರ್ ಕೈಯಲ್ಲಿಲ್ಲ, ಹಳೆಯ ಇಮೇಲ್ ತೆರೆಯಲು ಆಗುತ್ತಿಲ್ಲ. ಇವರೆಲ್ಲ ತಮ್ಮ ಖಾತೆ ತಮಗೆ ಬೇಕೆಂದು ಕೇಳುತ್ತಿದ್ದಾರೆ, ಬೇರೆಯವರದನ್ನಲ್ಲ. ಅಂಥವರು ಗುರುತಿನ ಚೀಟಿ ಹಿಡಿದು ಹೋಗಿ ನಿಲ್ಲಲು ಒಂದು ಕೌಂಟರ್ ಬೇಕು, ಅದರ ಆಚೆ ಒಬ್ಬ ಮನುಷ್ಯ ಇರಬೇಕು ಎಂಬುದು ನನ್ನ ವಾದ.

ನಮ್ಮ ಕಡೆ ಬಹಳ ಮಕ್ಕಳಿಗೆ ಇಮೇಲ್ ಹುಟ್ಟುವುದೇ ಅರ್ಜಿ ಹಾಕುವ ದಿನ. ಅವರ ಹತ್ತಿರ ಫೋನ್ ಇರುವುದಿಲ್ಲ, ಅಪ್ಪನ ನಂಬರ್ ಕೊಡುತ್ತಾರೆ. ವರ್ಷ ಕಳೆಯುವುದರೊಳಗೆ ಅಪ್ಪ ಯಾವುದೋ ಆಫರ್ ನೋಡಿ ಬೇರೆ ಸಿಮ್ ಹಾಕಿಸಿಕೊಂಡಿರುತ್ತಾನೆ, ಹಳೆಯದಕ್ಕೆ ರೀಚಾರ್ಜ್ ನಿಂತಿರುತ್ತದೆ. ಟ್ರಾಯ್ ನಿಯಮದಂತೆ ಪ್ರಿಪೇಯ್ಡ್ ಸಿಮ್ಮನ್ನು 90 ದಿನ ಯಾವುದಕ್ಕೂ ಬಳಸದೆ ಬಿಟ್ಟರೆ, ಅದರಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ, ಕಂಪನಿ ಬಂದ್ ಮಾಡಬಹುದು. ಆಮೇಲೆ ಮತ್ತೆ 90 ದಿನ ಕಳೆದರೆ ಆ ನಂಬರ್ ಇನ್ನೊಬ್ಬರ ಪಾಲು. 2023ರ ನವೆಂಬರ್‌ನಲ್ಲಿ ಈ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಹಳೆಯ ನಂಬರಿನ ಮಾಹಿತಿಯನ್ನು ಜೋಪಾನ ಮಾಡಿಕೊಳ್ಳುವುದು ಗ್ರಾಹಕರ ಹೊಣೆ ಎಂದು ಕೋರ್ಟ್ ಹೇಳಿತು. ಸರಿಯೇ. ಆದರೆ ರೀಚಾರ್ಜ್ ನಿಲ್ಲಿಸಿದ ಅಪ್ಪನಿಗೆ ಮಗಳ ಇಮೇಲ್ ಆ ಸಿಮ್ಮಿಗೆ ಅಂಟಿಕೊಂಡಿದೆ ಎಂದು ಹೇಳುವವರು ಯಾರು?

ನರ್ಸಿಂಗ್ ಮುಗಿಸಿದ ಒಬ್ಬ ಹುಡುಗಿಯ ಪಾಡು ಇದೇ ಆಗಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಿಂದ ಆಫರ್ ಲೆಟರ್ ಬಂದಿತ್ತು, ಪಿಯುಸಿಯಲ್ಲಿ ಮಾಡಿಸಿದ ಇಮೇಲಿಗೆ. 'ಅಣ್ಣ, ಕೋಡ್ ಕಳ್ಸಿದೀವಿ ಅಂತ ತೋರಿಸ್ತದೆ, ಯಾರಿಗೆ ಹೋಯ್ತು ಅಂತ ಗೊತ್ತಿಲ್ಲ' ಎಂದಳು. ಆ ಹಳೆಯ ನಂಬರಿಗೆ ಫೋನ್ ಮಾಡಿದಳು. ಎತ್ತಿದವರು ಓಟಿಪಿ ಎಂಬ ಮಾತು ಕಿವಿಗೆ ಬೀಳುತ್ತಲೇ ಬೈದು ಇಟ್ಟರು. ಅವರದೇನೂ ತಪ್ಪಿಲ್ಲ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು, ಪೊಲೀಸು ಎಲ್ಲರೂ ಹೇಳಿಕೊಟ್ಟಿರುವುದನ್ನೇ ಅವರು ಪಾಲಿಸಿದರು. ಆಸ್ಪತ್ರೆಯವರಿಂದ ಪತ್ರವನ್ನು ಬೇರೆ ವಿಳಾಸಕ್ಕೆ ತರಿಸಿಕೊಳ್ಳಬಹುದಿತ್ತು. ಆದರೆ ಅಂಕಪಟ್ಟಿಗಳ ಸ್ಕ್ಯಾನ್, ಹಳೆಯ ಅರ್ಜಿಗಳ ಲಾಗಿನ್ ಎಲ್ಲವೂ ಆ ಖಾತೆಯಲ್ಲೇ ಇದ್ದವು.

ಗಾಬರಿಯಲ್ಲಿ ಅವಳು ಮತ್ತೆ ಮತ್ತೆ ಒತ್ತಿದ್ದಳು. ಹಾಗೆ ಒತ್ತಿದಷ್ಟೂ ಕಂಪನಿಯ ಯಂತ್ರಕ್ಕೆ ಅನುಮಾನ ಹೆಚ್ಚಿ, ಸ್ವಲ್ಪ ಸಮಯ ಬಿಟ್ಟು ಬನ್ನಿ ಎನ್ನುತ್ತದೆ. 'ನಿಲ್ಸಮ್ಮ, ಮೊದಲು ಹಳೇ ಫೋನ್ ಎಲ್ಲಿದೆ ಹೇಳು' ಎಂದೆ. ಪರದೆ ಸೀಳಿದ ಆ ಫೋನ್ ಊರಲ್ಲಿ ಅವಳ ಅಮ್ಮನ ಹತ್ತಿರ ಯೂಟ್ಯೂಬ್ ನೋಡಲು ಇತ್ತು, ಅದರಲ್ಲಿ ಖಾತೆ ಇನ್ನೂ ತೆರೆದೇ ಇತ್ತು. ಮನೆಗೆ ಹೋಗಿ, ಅದನ್ನು ನೆಟ್‌ಗೆ ಹಾಕಿಕೊಂಡು ಪ್ರಯತ್ನಿಸು ಎಂದು ಕಳಿಸಿದೆ. ಲಾಗಿನ್ ಮಾಡುತ್ತಿರುವುದು ನೀವೇನಾ ಎಂಬ ಪ್ರಶ್ನೆ ಆ ಸೀಳು ಪರದೆಯ ಮೇಲೆ ಬಂತು. ಹೌದು ಎಂದು ಒತ್ತಿದಳು, ಹೊಸ ಪಾಸ್‌ವರ್ಡ್ ಹಾಕಿದಳು. ಹಿಂದೆ ಬಳಸಿದ ಫೋನು, ಹಿಂದೆ ಲಾಗಿನ್ ಆದ ಜಾಗ, ಇವನ್ನು ಯಂತ್ರ ನಂಬುತ್ತದೆ.

ಆದರೆ ಆ ಫೋನನ್ನು ಅಮ್ಮ ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರೆ? ಒಬ್ಬ ಹುಡುಗಿಯ ಓದಿನ ದಾಖಲೆಗಳು ಉಳಿದದ್ದು ಒಂದು ಒಡೆದ ಫೋನಿನ ಪುಣ್ಯದಿಂದ. ಹಕ್ಕು ಹೀಗೆ ಅದೃಷ್ಟದ ಮೇಲೆ ನಿಲ್ಲಬಾರದು. ಕಾಯುತ್ತಾ ಕೂರುವಂತೆಯೂ ಇಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ.

ಕಂಪನಿಗಳ ಭಯ ನನಗೆ ಅರ್ಥವಾಗುತ್ತದೆ. ಬೀಗ ಸಡಿಲ ಮಾಡಿದರೆ ಮೊದಲು ಒಳಗೆ ನುಗ್ಗುವವನು ಕಳ್ಳ. ನಕಲಿ ಸಿಮ್ ಮಾಡಿಸಿ ಓಟಿಪಿ ಕದಿಯುವವರಿದ್ದಾರೆ. ಅದಕ್ಕೇ ದೂರಸಂಪರ್ಕ ಇಲಾಖೆ ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯಬೇಕೆಂದು ಆದೇಶಿಸಿದೆ. ಹೊಸ ಸಿಮ್ ಹಾಕಿದ ದಿನವೇ ಕೋಡ್ ಬರಲಿಲ್ಲ ಎಂದು ಓಡಿಬರುವವರಿಗೆ ನಾಳೆ ಬನ್ನಿ ಎನ್ನುತ್ತೇನೆ. ಈ ಎಚ್ಚರ ಇರಲೇಬೇಕು. ನನ್ನ ತಕರಾರು ಇಷ್ಟೇ: ಸಿಮ್ ಯಾರ ಕೈಯಲ್ಲಿದೆಯೋ ಅವರೇ ಖಾತೆಯ ಒಡೆಯರು ಎಂಬ ಲೆಕ್ಕ ಕಳ್ಳನಿಗೂ ಅನುಕೂಲ, ನಿಜವಾದ ಒಡೆಯನಿಗೆ ನಷ್ಟ.

ಕಾನೂನು ಏನೂ ಹೇಳಿಲ್ಲವೆಂದಲ್ಲ. 2021ರ ಐಟಿ ನಿಯಮಗಳು ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, 24 ಗಂಟೆಯಲ್ಲಿ ದೂರಿಗೆ ಸ್ವೀಕೃತಿ ಕೊಡಬೇಕು, ಆಗಿನ ಮಿತಿಯಂತೆ 15 ದಿನದಲ್ಲಿ ಇತ್ಯರ್ಥ ಮಾಡಬೇಕು ಎಂದವು. 2022ರ ತಿದ್ದುಪಡಿಯಿಂದ ಮೇಲ್ಮನವಿ ಸಮಿತಿಗಳೂ ಬಂದವು. ಅಧಿಕಾರಿಯ ಉತ್ತರ ಸರಿಯಿಲ್ಲವಾದರೆ 30 ದಿನದೊಳಗೆ ಅಲ್ಲಿಗೆ ಹೋಗಬಹುದು. ಆದರೆ ನನ್ನ ಅಂಗಡಿಗೆ ಬರುವವರಲ್ಲಿ ಈ ದಾರಿ ಗೊತ್ತಿದ್ದವರು ಯಾರೂ ಸಿಕ್ಕಿಲ್ಲ. ಇದೂ ಆನ್‌ಲೈನ್, ಇದಕ್ಕೂ ಅರ್ಜಿ ಬರೆಯಲು ಬರಬೇಕು.

ಅದಕ್ಕೇ ಕೌಂಟರ್ ಎನ್ನುತ್ತಿದ್ದೇನೆ. 2017ರ ಜನವರಿಯಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು ಶುರುವಾದಾಗ ಅವುಗಳಲ್ಲಿ ಒಂದು ನಮ್ಮ ಮೈಸೂರಿನದು. ಪಾಸ್‌ಪೋರ್ಟಿಗೆ ದಾಖಲೆ ನೋಡಿ ಗುರುತು ಹಿಡಿಯಬಲ್ಲ ಅಂಚೆ ಕಚೇರಿಗೆ ಇದು ಹೊಸ ವಿದ್ಯೆಯಲ್ಲ. ಇಮೇಲ್ ತೆರೆಯುವಾಗ ಯಾರೂ ಗುರುತಿನ ಚೀಟಿ ಕೊಟ್ಟಿರುವುದಿಲ್ಲ, ಯಾವುದರ ಜತೆ ತಾಳೆ ನೋಡುವುದು ಎಂದು ಕೇಳಬಹುದು. ಬೇಕೆನ್ನುವವರು ಮೊದಲೇ ಬಂದು ತಮ್ಮ ಹೆಸರು ಹಚ್ಚಿಸಿಕೊಳ್ಳಲಿ. ಬೇಡವೆನ್ನುವವರಿಗೆ ಒತ್ತಾಯ ಬೇಡ. ಯಾರಾದರೂ ಕೌಂಟರಿನಲ್ಲಿ ಖಾತೆ ಕೇಳಿದರೆ, ಅದು ತೆರೆದಿರುವ ಎಲ್ಲ ಫೋನುಗಳಿಗೂ ಸೂಚನೆ ಹೋಗಲಿ, ಕೆಲವು ದಿನ ಕಾದು ಆಮೇಲೆ ಕೊಡಲಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಭದ್ರತಾ ಮಾಹಿತಿಯನ್ನೆಲ್ಲ ಬದಲಾಯಿಸಿದರೆ ಈಗಲೂ 30 ದಿನ ಕಾಯಿಸುತ್ತಾರೆ. ಕಾಯಲು ನಮ್ಮ ಜನ ತಯಾರಿದ್ದಾರೆ, ಕೊನೆಗೆ ಯಾರಾದರೂ ಉತ್ತರ ಕೊಡುತ್ತಾರೆ ಎಂದು ಗೊತ್ತಿದ್ದರೆ ಸಾಕು.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಮಾಡೋಣ. ಗೂಗಲ್ ಖಾತೆಯಲ್ಲಿ ಎಂಟು ಅಂಕಿಗಳ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ, ಒಂದೊಂದನ್ನು ಒಂದು ಸಲ ಬಳಸಬಹುದು, ಸಿಮ್ ಬೇಕಿಲ್ಲ. ಅವನ್ನು ಕಾಗದಕ್ಕೆ ಇಳಿಸಿ ಅಂಕಪಟ್ಟಿಯ ಜತೆ ಇಡಿ. ಸಿಮ್ ಬಿಡುವ ಮುಂಚೆ ಎಲ್ಲ ಖಾತೆಗಳಲ್ಲೂ ನಂಬರ್ ಬದಲಾಯಿಸಿ. ಮಕ್ಕಳಿಗೆ ಇಮೇಲ್ ಕಡ್ಡಾಯ ಮಾಡುವ ಇಲಾಖೆಗಳೂ ಇದನ್ನು ಕಾಲೇಜಿನಲ್ಲೇ ಒಂದು ಪೀರಿಯಡ್ ಇಟ್ಟು ಹೇಳಿಕೊಡಲಿ. ಅರ್ಜಿಗೆ ಇಮೇಲ್ ಬೇಕೇ ಬೇಕು ಎಂದು ಸರ್ಕಾರ ಹೇಳಿದ ಮೇಲೆ, ಆ ಇಮೇಲ್ ಕಳೆದುಕೊಂಡವನಿಗೆ ದಾರಿ ತೋರಿಸುವ ಹೊಣೆಯೂ ಸರ್ಕಾರದ್ದೇ.