ಪದವಿ ಮೂರು ವರ್ಷವೋ ನಾಲ್ಕೋ, ಅಟ್ಟದ ಲೆಕ್ಕ ಎಲ್ಲಿ?

ರಾಜ್ಯದಲ್ಲಿ ಪದವಿ ಶಿಕ್ಷಣದ ಚರ್ಚೆ ಮತ್ತೆ ವರ್ಷ ಎಣಿಸುವುದಕ್ಕೇ ಬಂದು ನಿಂತಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದೆವೆಂಬ ಹೆಮ್ಮೆಯಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದರು. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಮುಂದಿಟ್ಟುಕೊಂಡು 2024ರ ಮೇ ತಿಂಗಳಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯ ಕೈಸೇರಿದ ಮೇಲಂತೂ ಎರಡೂ ಪಾಳಯದ ಅಂಕಣಕಾರರಿಗೆ ಬಿಡುವಿಲ್ಲ. ಒಬ್ಬರಿಗೆ ಬೆಂಗಳೂರಿನ ಖಾಸಗಿ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯಗಳೇ ಮಾದರಿ. ಇನ್ನೊಬ್ಬರಿಗೆ ಬಿ.ಎ. ಎನ್ನುವುದೇ ದಂಡ, ಅದರ ಜಾಗಕ್ಕೆ ಕೌಶಲ ಕೋರ್ಸ್ ಬಂದರೆ ಸಾಕು.

ಇಬ್ಬರದೂ ತಪ್ಪು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹುಡುಗ ಹುಡುಗಿಯರು ಓದುವ ಎಚ್‌ಇಪಿ ಇದೆಯಲ್ಲ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಒಟ್ಟಿಗೆ ಕಲಿಸುವ ಪದವಿ, ಅದು ಲಿಬರಲ್ ಆರ್ಟ್ಸ್ ಅಲ್ಲದೆ ಮತ್ತೇನು? ಕೊರತೆ ಇರುವುದು ವರ್ಷಗಳಲ್ಲಲ್ಲ. ತೆಂಗಿನಕಾಯಿ ಕೊಬ್ಬರಿಯಾಗಲು ಕಾಯುವ ಮನೆಯ ಅಟ್ಟದ ಮೇಲೆ ಕೂತಿರುವ ಅರ್ಥಶಾಸ್ತ್ರವನ್ನು ನಾವು ತರಗತಿಯೊಳಕ್ಕೆ ಬಿಟ್ಟುಕೊಂಡೇ ಇಲ್ಲ.

ಸುಮ್ಮನೆ ಹೇಳುತ್ತಿಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ಉಂಡೆ ಕೊಬ್ಬರಿಗೆ 12,000 ರೂಪಾಯಿ, ಎಣ್ಣೆ ಗಿರಣಿಗೆ ಹೋಗುವ ಹೋಳು ಕೊಬ್ಬರಿಗೆ 11,160 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಉತ್ಪಾದನಾ ವೆಚ್ಚದ ಮೇಲೆ ಉಂಡೆಗೆ ಶೇ 63.26, ಹೋಳಿಗೆ ಶೇ 51.84 ಲಾಭ ಸಿಗುತ್ತದೆ ಎಂದೂ ಬೆನ್ನು ತಟ್ಟಿಕೊಂಡಿತು. ಪತ್ರಿಕೆಗಳು ಅದನ್ನು ಹಾಗೇ ಅಚ್ಚು ಹಾಕಿದವು. ಪರವಾಗಿದ್ದವರು ಸ್ವಾಗತಿಸಿದರು, ವಿರೋಧಿಗಳು ಸಾಲದು ಎಂದರು. ಹಿಂದಕ್ಕೆ ಭಾಗಿಸಿ ನೋಡುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ಭಾಗಿಸಿ ನೋಡಿ. 12,000ವನ್ನು 1.6326ರಿಂದ ಭಾಗಿಸಿದರೆ 7,350. 11,160ನ್ನು 1.5184ರಿಂದ ಭಾಗಿಸಿದರೂ 7,350. ಕಾಕತಾಳೀಯ ಎನ್ನುವವರು ಹಿಂದಿನ ವರ್ಷದ ಅಂಕಿ ತೆಗೆಯಲಿ: 2023ಕ್ಕೆ ಉಂಡೆಗೆ 11,750 ಮತ್ತು ಶೇ 64.26, ಹೋಳಿಗೆ 10,860 ಮತ್ತು ಶೇ 51.82. ಎರಡರ ಬುಡದಲ್ಲೂ ಸಿಗುವುದು 7,153. ಅಂದರೆ ಹೋಳು ಕೊಬ್ಬರಿ ಮಾಡುವುದಕ್ಕೂ ಉಂಡೆ ಕೊಬ್ಬರಿ ಮಾಡುವುದಕ್ಕೂ ತಗಲುವ ಖರ್ಚು ಒಂದೇ, ರೂಪಾಯಿಗೆ ರೂಪಾಯಿ ಒಂದೇ ಎಂಬುದು ದೆಹಲಿಯ ಲೆಕ್ಕ.

ಈ ಸೀಮೆಯ ಯಾವ ಮನೆಯ ಮಗುವಾದರೂ ಇದನ್ನು ಕೇಳಿ ನಗುತ್ತದೆ. ಹೋಳು ಕೊಬ್ಬರಿಗೆ ಕಾಯಿ ಎರಡು ಭಾಗ ಮಾಡಿ ಬಿಸಿಲಿಗೆ ಹರವಿದರೆ ಕೆಲವೇ ದಿನಗಳಲ್ಲಿ ಗಿರಣಿಗೆ ಸಿದ್ಧ. ಉಂಡೆಯ ಕಥೆ ಬೇರೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಬೇಕು. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಕೂರಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಆಮೇಲೆ ಸುಲಿಯುವ ಕೂಲಿ, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಕೂಲಿ. ಅಷ್ಟರಲ್ಲಿ ಕೌಟಾದ, ಅಂದರೆ ಒಳಗೇ ಕೆಟ್ಟ, ಕಾಯಿ ಎಷ್ಟೋ, ಅದು ಮನೆಯವರ ಪಾಲಿನ ನಷ್ಟ.

ಇಷ್ಟಕ್ಕೆಲ್ಲ ಸರ್ಕಾರ ಕೊಡುವ ಬೆಲೆ ಏನು? ಎರಡು ಕೊಬ್ಬರಿಯ ಬೆಂಬಲ ಬೆಲೆಯ ನಡುವಿನ ಅಂತರ. 2023ರಲ್ಲಿ ಅದು 890 ರೂಪಾಯಿ ಇತ್ತು, 2024ರಲ್ಲಿ 840, 2025ರಲ್ಲಿ 518. 2026ರ ಹಂಗಾಮಿಗೆ ಉಂಡೆಗೆ 12,500, ಹೋಳಿಗೆ 12,027 ಎಂದು 2025ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಅಂತರ 473ಕ್ಕೆ ಇಳಿಯಿತು. ಒಟ್ಟು ಬೆಲೆ ಏರಿತೆಂದು ಹಾರ ಹಾಕಿದವರಿಗೆ ಅಟ್ಟದ ಕೂಲಿ ಹೆಚ್ಚುಕಡಿಮೆ ಅರ್ಧ ಕರಗಿದ್ದು ಕಾಣಲೇ ಇಲ್ಲ.

ಬಡ್ಡಿಯೊಂದನ್ನೇ ಹಾಕಿ ನೋಡೋಣ. ಅಸಲು ಸರ್ಕಾರ ಹೇಳಿದ ಆ ಹಳೆಯ 7,350 ಎಂದೇ ಇರಲಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಹತ್ತು ತಿಂಗಳಿಗೆ 735 ರೂಪಾಯಿ. ಕೈಸಾಲದ ಎರಡು ರೂಪಾಯಿ ಬಡ್ಡಿಯಾದರೆ 1,470. ಸುಲಿಯುವ ಕೂಲಿ ಆಮೇಲೆ ಬರುವ ಖರ್ಚು, ಅದನ್ನೂ ಅಸಲಿಗೆ ಸೇರಿಸಿದ್ದೇಕೆ ಎಂದು ಯಾರಾದರೂ ಕೇಳಬಹುದು. ಕೇಳಲಿ, ಕಳೆಯಲಿ. ಆ ವಾದ ನಡೆಯಬೇಕಾದ ಜಾಗವೇ ಬಿ.ಎ. ತರಗತಿ. ಅವಕಾಶ ವೆಚ್ಚ, ದಾಸ್ತಾನು, ಅಪಾಯದ ಬೆಲೆ, ತೂಕಭರಿತ ಸರಾಸರಿ, ಪಠ್ಯದ ಅರ್ಧ ಅಧ್ಯಾಯಗಳು ಈ ಒಂದು ಲೆಕ್ಕದೊಳಗಿವೆ. ನಾವು ಮಾತ್ರ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ ಸೇಬನ್ನೇ ಉದಾಹರಣೆ ಕೊಟ್ಟು ಹತ್ತು ಅಂಕದ ಉತ್ತರ ಬರೆಸುತ್ತೇವೆ.

ಈ ಅಜ್ಞಾನಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿದಾಗ, ಸರ್ಕಾರದ 7,153ರ ಲೆಕ್ಕ ಹಿಡಿದರೆ ಅವರು ಕ್ವಿಂಟಲ್‌ಗೆ ಎಂಟುನೂರು ಚಿಲ್ಲರೆ ಲಾಭದಲ್ಲಿದ್ದರು! ಧರಣಿ ಕೂತವರ ಬಳಿ ಸಿಟ್ಟಿತ್ತು, ಖರ್ಚಿನ ತಮ್ಮದೇ ಸಂಖ್ಯೆಯೂ ಇತ್ತು. ಆದರೆ ಆ ಸಂಖ್ಯೆಗೆ ಬೆನ್ನಾಗಿ ನಿಲ್ಲುವ, ವರ್ಷದಿಂದ ವರ್ಷಕ್ಕೆ ಬರೆದಿಟ್ಟ ಮನೆವಾರು ಲೆಕ್ಕ ಇರಲಿಲ್ಲ. ರಾಜ್ಯ ಸರ್ಕಾರ ಮೊದಲು 1,250, ಆಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಎಂದಿತು. ಆ ಅಂಕಿಗಳಾದರೂ ಯಾವ ಅಟ್ಟದಿಂದ ಇಳಿದವು?

ಈಗೇಕೆ ಈ ಮಾತು, 2025ರಲ್ಲಿ ದರ 20 ಸಾವಿರ ದಾಟಿ ಹೋಯಿತಲ್ಲ ಎನ್ನುವವರಿದ್ದಾರೆ. ಅದಕ್ಕೇ ಈಗ. ಬೆಲೆ ಬಿದ್ದಾಗ ಲೆಕ್ಕ ಬರೆಯಲು ಕೂತರೆ ಅದು ಮನವಿಪತ್ರವಾಗುತ್ತದೆ. ಬೆಲೆ ಇರುವಾಗ ಬರೆದದ್ದಷ್ಟೇ ಅಧ್ಯಯನ. ಜೊತೆಗೆ, ಏರಿದ ಬೆಲೆ ಯಾರ ಕೈಗೆ ಸಿಕ್ಕಿತು? ವರ್ಷಗಟ್ಟಲೆ ಕಾಯಿ ಇಟ್ಟುಕೊಳ್ಳುವ ತಾಕತ್ತಿದ್ದವರಿಗೋ, ಮಗಳ ಫೀಸಿಗೆಂದು ಹಸಿಕಾಯಿಯನ್ನೇ ಮಾರಿದವರಿಗೋ? ಇದಕ್ಕೆ ಉತ್ತರ ಹುಡುಕಲು ಆ ಮಗಳಿಗಿಂತ ಅರ್ಹ ಸಂಶೋಧಕಿ ಬೇಕೆ?

ಇದು ನನ್ನ ಹೊಸ ಕಲ್ಪನೆಯೂ ಅಲ್ಲ. ಮದರಾಸು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಲೇಟರ್ 1916ರಲ್ಲೇ ತಮ್ಮ ವಿದ್ಯಾರ್ಥಿಗಳನ್ನು ರಜೆಯಲ್ಲಿ ಅವರವರ ಹಳ್ಳಿಗೇ ಕಳಿಸಿ ಲೆಕ್ಕ ಬರೆಸಿದರು. 1918ರಲ್ಲಿ ಅದು ಪುಸ್ತಕವಾಯಿತು. ಅದೇ ಹಳ್ಳಿಗಳಿಗೆ ಮುಂದಿನ ತಲೆಮಾರಿನ ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ಹೋದರು. ನಮ್ಮ ಪಕ್ಕದ ಮಂಡ್ಯದ ಎರಡು ಹಳ್ಳಿಗಳಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಇದ್ದು, ನಾಲೆ ನೀರು ಸಿಕ್ಕ ಹಳ್ಳಿ ಹಳೆಯ ಬೇಸಾಯದ ಕಟ್ಟಿನಲ್ಲೇ ಉಳಿದದ್ದನ್ನೂ ನೀರು ಸಿಗದ ಹಳ್ಳಿ ಬೇರೆ ಬೇರೆ ಕಸುಬಿಗೆ ಹೊರಳಿದ್ದನ್ನೂ ತೋರಿಸಿದರು. ಎರಡೂ ಕೆಲಸ ಅರ್ಥಶಾಸ್ತ್ರದ ಜಗತ್ತು ಇಂದಿಗೂ ಓದುವಂಥವು. ಒಂದರಲ್ಲಿ ದುಡಿದವರು ಕಾಲೇಜು ಹುಡುಗರು.

ಹಾಗಾದರೆ ನಾಲ್ಕನೇ ವರ್ಷ ಬೇಡವೇ? ಆ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು, ಒಪ್ಪುತ್ತೇನೆ. ಆದರೆ ತೋಟದ ಕೆಲಸ, ಮದುವೆ ಮಾತು, ಬಸ್ ಪಾಸು ಇವುಗಳ ನಡುವೆ ಓದುವವರಿಗೆ ನಾಲ್ಕನೇ ವರ್ಷವೆಂದರೆ ಇನ್ನೊಂದು ವರ್ಷದ ಗಳಿಕೆ ಕೈಬಿಟ್ಟಂತೆ. ಮೂರರೊಳಗೇ ಇದಕ್ಕೆ ಜಾಗ ಮಾಡಬೇಕು. ನಿಜವಾದ ತೊಡಕು ಬೇರೆ ಇದೆ: ಮಾರ್ಗದರ್ಶನ ಮಾಡುವವರು ಯಾರು? ಸರ್ಕಾರಿ ಪದವಿ ಕಾಲೇಜುಗಳ ಪಾಠ ನಿಂತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. ಕೊಬ್ಬರಿ ಹೋರಾಟ ನಡೆದ ಅದೇ ಚಳಿಗಾಲದಲ್ಲಿ ಅವರೂ ಸೇವಾ ಭದ್ರತೆಗಾಗಿ ಮುಷ್ಕರದಲ್ಲಿದ್ದರು. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದವರಿಗೆ ಹತ್ತು ವರ್ಷದ ಅಟ್ಟದ ಲೆಕ್ಕ ಕಾಪಾಡು ಎನ್ನುವುದು ಕ್ರೂರ ತಮಾಷೆ. ಕಾಯಂ ಬೋಧಕರಿಲ್ಲದ ವಿಭಾಗಕ್ಕೆ ಯಾವ ನೀತಿ ಬಂದರೂ ಒಂದೇ.

ಆದರೂ ತುಮಕೂರು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಅಧ್ಯಯನ ಮಂಡಳಿ ಈ ವರ್ಷವೇ ಮಾಡಬಹುದಾದ ಕೆಲಸವೊಂದಿದೆ. ಕೊನೆಯ ವರ್ಷದ ಒಂದು ಪತ್ರಿಕೆ ತೆಗೆದು, ಮೂರು ತಾಲ್ಲೂಕಿನ ಪ್ರತಿ ವಿದ್ಯಾರ್ಥಿಯಿಂದ ಒಂದು ಮನೆಯ ಒಂದು ಹಂಗಾಮಿನ ಲೆಕ್ಕ ಬರೆಸಲಿ: ಕಾಯಿ ಎಷ್ಟು ಏರಿತು, ಎಷ್ಟು ಕೌಟಾಯಿತು, ಕೂಲಿ ಎಷ್ಟು, ಸಾಲ ಯಾರದು, ಮಾರಿದ್ದು ಯಾವ ದಿನ ಯಾವ ದರಕ್ಕೆ. ಅಂಕ ಕೊಟ್ಟು ಮೂಲೆಗೆ ಎಸೆಯದೆ ಕಾಲೇಜಿನಲ್ಲಿ ಜೋಡಿಸಿಡಲಿ. ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗದ ಮುಂದೆ ರಾಜ್ಯ ಮುಂದಿನ ಸಲ ಹೋದಾಗ 7,350ರ ಎದುರಿಗೆ ಇಡಲು ಅದಿರುತ್ತದೆ. ಅದನ್ನು ಮಾಡಲಾಗದ ಪದವಿಯನ್ನು ಮೂರು ವರ್ಷ ಓದಿಸಿದರೂ ವ್ಯರ್ಥ, ನಾಲ್ಕು ಓದಿಸಿದರೆ ಇನ್ನೊಂದು ವರ್ಷದ ಹೆಚ್ಚುವರಿ ವ್ಯರ್ಥ.