ಹಿಮದಲ್ಲೂ ಒಗ್ಗರಣೇನೇ?

ನಮ್ಮ ಗಂಗಾನಗರದಲ್ಲಿ ಈಗ ಹೊಸ ಸಂಭ್ರಮ ಶುರುವಾಗಿದೆ. ಮೊದಲೆಲ್ಲ ಡಿಸೆಂಬರ್ ರಜ ಅಂದ್ರೆ ಧರ್ಮಸ್ಥಳ, ಹೊರನಾಡು, ತುಂಬಾ ಅಂದ್ರೆ ಗೋವಾ. ಈಗ ಮಕ್ಕಳು ಜರ್ಮನಿಯಲ್ಲೋ ಲಂಡನ್ನಿನಲ್ಲೋ ಇರ್ತಾರಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಸ್ಕೀಯಿಂಗಿಗೆ ಹೊರಡ್ತಾರೆ. ಹೋಗಲಿ, ಸಂತೋಷ. ನನ್ನ ಜಗಳ ಪ್ಯಾಕಿಂಗ್ ಮೇಲೆ. ಗಂಡಸರ ಪೆಟ್ಟಿಗೇಲಿ, ಮಕ್ಕಳ ಪೆಟ್ಟಿಗೇಲಿ ಗಾಗಲ್ಸು, ಕೈಗವಸು, ಹೊಸ ಜಾಕೆಟ್ಟು. ಅಮ್ಮನ ಪೆಟ್ಟಿಗೇಲಿ ಮೂರು ಲೀಟರ್ ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ, ಒಗ್ಗರಣೆ ಸೌಟು!

ಆಲ್ಪ್ಸ್ ತನಕ ಹೋಗಿ ಅನ್ನ ಬೇಯಿಸಿ ಬರೋದಕ್ಕೆ ವೀಸಾ ಯಾಕ್ರೀ ಬೇಕು?

ಬೆಳಿಗ್ಗೆ ಎಲ್ಲರೂ ಬೆಟ್ಟಕ್ಕೆ ಹೋಗ್ತಾರೆ. ಇವಳು ಪಾತ್ರೆ ತೊಳೆದು, ಕಿಟಕಿಯಿಂದ ಹಿಮ ನೋಡಿ, ಸಂಜೆ ಬರೋರಿಗೆ ಬಿಸಿಬೇಳೆಭಾತ್ ಮಾಡಿಡ್ತಾಳೆ. ಬೆಟ್ಟಕ್ಕೆ ಹೋದ್ರೂ "ನೀವೆಲ್ಲ ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೊಂಡು ಇಲ್ಲೇ ಕೂತಿರ್ತೀನಿ" ಅಂತಾಳೆ. ಆಮೇಲೆ ಫೋಟೋದಲ್ಲಿ ಮಾತ್ರ ಎಲ್ಲರ ಮಧ್ಯೆ ನಗ್ತಾ ನಿಂತಿರ್ತಾಳೆ.

ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತೊಗೊಂಡ್ರೆ ಅಗ್ಗ ಅಂತ ಲೆಕ್ಕ ಹೇಳ್ತಾರೆ. ಯಾಕೆ ಅಗ್ಗ ಹೇಳಿ? ಅಡುಗೆಯವಳಿಗೆ ಸಂಬಳ ಇಲ್ಲ ನೋಡಿ, ಅದಕ್ಕೆ. ಆಸ್ಟ್ರಿಯಾ ಕಡೆ ಎಷ್ಟೋ ಹೋಟೆಲುಗಳಲ್ಲಿ ಹಾಫ್ ಬೋರ್ಡ್ ಅಂತ ಇರುತ್ತೆ, ಬೆಳಗಿನ ತಿಂಡಿ, ರಾತ್ರಿ ಊಟ ರೂಮಿನ ಬಾಡಿಗೆಯಲ್ಲೇ ಸೇರಿರುತ್ತೆ. ಬುಕ್ ಮಾಡುವಾಗಲೇ "ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ" ಅಂತ ಬರೆದು ತಿಳಿಸಿ. ಬರೀ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಹಾಕೇ ಹಾಕ್ತಾರೆ. ಅಷ್ಟಾಗಿಯೂ ಕುಕ್ಕರ್ ಒಯ್ತೀನಿ ಅನ್ನೋರಿಗೆ ಒಂದು ಮಾತು: ಅಲ್ಲಿ ಬಹಳ ಕಡೆ ಇಂಡಕ್ಷನ್ ಒಲೆ, ನಿಮ್ಮ ಸಾದಾ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗಲ್ಲ. ಒಣಮೆಣಸಿನಕಾಯಿ ಒಗ್ಗರಣೆ ಹೊಗೆಗೆ ಕಟ್ಟಡದ ಅಲಾರಂ ಹೊಡ್ಕೊಂಡ್ರೆ ಇನ್ನೊಂದು ಫಜೀತಿ. ತುಪ್ಪದ ಡಬ್ಬಿ, ಪೇಡ ಅಂತೂ ಒಯ್ಯಲೇಬೇಡಿ. ಹೊರದೇಶದಿಂದ ಬರೋರು ಹಾಲಿನ ಪದಾರ್ಥ, ಮಾಂಸ ತರೋದನ್ನ ಯುರೋಪಿನ ಒಕ್ಕೂಟ ನಿಷೇಧ ಮಾಡಿದೆ, ಕಸ್ಟಮ್ಸಿನಲ್ಲಿ ಕಸಕ್ಕೆ ಹೋಗುತ್ತೆ. ಚಕ್ಕುಲಿ, ಕೋಡುಬಳೆ ಒಯ್ದು ಜಾಕೆಟ್ ಜೇಬಲ್ಲಿ ಇಟ್ಕೊಳ್ಳಿ, ಮಧ್ಯಾಹ್ನಕ್ಕೆ ಆಗುತ್ತೆ.

ಈಗ ಬಹಳ ಮುಖ್ಯವಾದ್ದು. ನಮ್ಮ ಓರಗಿತ್ತಿ ಎರಡು ವರ್ಷದ ಹಿಂದೆ ಹೋದಾಗ ಮೊಮ್ಮಗನ ಒತ್ತಾಯಕ್ಕೆ ಒಂದೇ ಒಂದು ಸಲ ಸ್ಕೀ ಕಟ್ಕೊಂಡು, ಬಿದ್ದು, ಮಣಿಕಟ್ಟು ಮುರ್ಕೊಂಡ್ರು. ವೀಸಾಕ್ಕೆ ಮಾಡಿಸಿದ ಇನ್ಶೂರೆನ್ಸ್ ಇದೆಯಲ್ಲ ಅಂತ ಮನೆಯವರೆಲ್ಲ ಧೈರ್ಯವಾಗಿದ್ರು. ಕಂಪನಿಯವರು ಒಂದು ಸಾಲು ತೋರಿಸಿದ್ರು: ಸಾಹಸ ಕ್ರೀಡೆಗೆ ಅನ್ವಯವಿಲ್ಲ. ಆಸ್ಪತ್ರೆ ಬಿಲ್ಲು ಪೂರ್ತಿ ಕೈಯಿಂದಲೇ ಹೋಯ್ತು. ಅದಕ್ಕಿಂತ ನನಗೆ ಉರಿದದ್ದು, "ಈ ವಯಸ್ಸಲ್ಲಿ ನಿನಗೆ ಬೇಕಿತ್ತಾ" ಅಂತ ಭಾವ ವರ್ಷವಿಡೀ ಅಂದದ್ದು. ಪಾಲಿಸಿ ಓದದೆ ಸಹಿ ಹಾಕಿದವರು ಭಾವ, ಬೈಸಿಕೊಂಡವಳು ಅಕ್ಕ!

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ನಿಜ. ಆದ್ರೆ ವೀಸಾ ಕೊಡೋರಿಗೆ ಆ ಮೊತ್ತ ಸಾಕು, ನೀವು ಅಲ್ಲಿ ಏನ್ಮಾಡ್ತೀರಿ ಅನ್ನೋದು ಅವರಿಗೆ ಬೇಡ. ಸಾಮಾನ್ಯ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರಲ್ಲ, ವಿಂಟರ್ ಸ್ಪೋರ್ಟ್ಸ್ ಅಂತ ಪ್ರತ್ಯೇಕ ದುಡ್ಡು ಕಟ್ಟಿ ಸೇರಿಸಬೇಕು. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸೋ ಖರ್ಚು ಸೇರಿದೆಯಾ ಅಂತಲೂ ಕೇಳಿ. ಬಿಪಿ, ಶುಗರ್ ಇದ್ರೆ ಫಾರಮ್ಮಿನಲ್ಲಿ ಮುಚ್ಚಿಡಬೇಡಿ. ಮತ್ತೆ ಈ ಕಾಗದ ನೀವೇ ಕೂತು ಓದಿ ಕಣ್ರೇ. ಚೀಟಿ ಹಣದ ಲೆಕ್ಕ ಪೈಸೆ ಬಿಡದೆ ಇಡೋರು ನಾವು, ಇದೇನು ದೊಡ್ಡದಾ?

"ನಮ್ಮಂಥವರಿಗೆ ಹಿಮ ಎಲ್ಲಿ ಒಗ್ಗುತ್ತೆ" ಅನ್ನೋರಿಗೆ ನನ್ನ ಉತ್ತರ ಕೊಡಗಿನ ಹುಡುಗಿ ತೆಕ್ಕಡ ಭವಾನಿ. ಕಾಫಿ ತೋಟದ ನಾಡಿಂದ ಹೋಗಿ, ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಆಟಗಳಲ್ಲಿ ಸ್ಕೀಯಿಂಗಿನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವಳು. ನಾವು ಪದಕ ತರೋದೇನೂ ಬೇಡ. ನಾನು ಕಲಿತದ್ದೇ 51ನೇ ವಯಸ್ಸಲ್ಲಿ, ಮಗಳ ಮನೆಗೆ ಹೋದಾಗ. ಮೂರನೇ ದಿನ, ನಾಲ್ಕು ವರ್ಷದ ಮಕ್ಕಳ ಸಾಲಿನ ಹಿಂದೆ, ಬೀಳದೆ ಕೆಳಗೆ ಬಂದು ನಿಂತೆ. ನಮ್ಮನೆಯವರು ನೋಡಲಿಲ್ಲ, ಕಾಫಿ ಕುಡೀತಾ ಇದ್ರು.

ಕಲಿಯೋದಾದ್ರೆ ಸ್ಕೀ ಶಾಲೆಗೇ ದುಡ್ಡು ಕೊಡಿ. ಗಂಡ, ಮಗನ ಹತ್ತಿರ ಕಲೀಬೇಡಿ, ಕಾರ್ ಕಲಿಸಿದ ಕಥೆಯೇ ಆಗುತ್ತೆ. ಮಕ್ಕಳನ್ನ ಯಾರು ನೋಡ್ಕೋತಾರೆ ಅಂತೀರಾ? ಮೂರು ನಾಲ್ಕು ವರ್ಷದಿಂದಲೇ ಸೇರಿಸಿಕೊಳ್ಳೋ ಮಕ್ಕಳ ಸ್ಕೀ ಶಾಲೆಗಳು ಅಲ್ಲಿವೆ, ಅವರನ್ನ ಅಲ್ಲಿ ಬಿಟ್ಟು ನಿಮ್ಮ ಪಾಠಕ್ಕೆ ಹೋಗಿ. ದಾರಿಗಳಿಗೆ ಬಣ್ಣ ಇರುತ್ತೆ. ಆಸ್ಟ್ರಿಯಾದಲ್ಲಿ ನೀಲಿ ಅಂದ್ರೆ ಸುಲಭ, ಫ್ರಾನ್ಸಿನಲ್ಲಿ ಹಸಿರು ಇನ್ನೂ ಸುಲಭ, ಕೆಂಪು ಕಷ್ಟ, ಕಪ್ಪು ಬೇಡವೇ ಬೇಡ. ಅಮೆರಿಕದಲ್ಲಿ ಮಾತ್ರ ನೀಲಿ ಅಂದ್ರೆ ಮಧ್ಯಮ, ಅಲ್ಲಿರೋ ಮಗಳು "ಬ್ಲೂಗೆ ಹೋಗೋಣ ಬಾಮ್ಮಾ" ಅಂದ್ರೆ ಹುಷಾರು.

ಒಳಗೆ ಕಾಟನ್ ಬನಿಯನ್, ಮೇಲೆ ಜೀನ್ಸ್ ಹಾಕಬೇಡಿ. ಬೆವರಿಗೆ, ಹಿಮಕ್ಕೆ ಒದ್ದೆಯಾದ್ರೆ ಒಣಗಲ್ಲ, ಚಳಿ ಹಿಡಿಯುತ್ತೆ. ಮೈಗಂಟೋ ಥರ್ಮಲ್, ಅದರ ಮೇಲೆ ಫ್ಲೀಸ್, ಮೇಲೆ ನೀರು ಇಳಿಯದ ಜಾಕೆಟ್ಟು ಪ್ಯಾಂಟು. ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ಬೂಟಿನೊಳಗೆ ಒಂದೇ ಜೊತೆ ಉದ್ದ ಕಾಲುಚೀಲ, ಎರಡು ಹಾಕಿದ್ರೆ ಮಡಿಸಿಕೊಂಡು ಕಾಲು ನೋಯುತ್ತೆ. ಗಾಜಿನ ಬಳೆ ಬಿಚ್ಚಿಡಿ, ತಾಳಿ ಸರ ಥರ್ಮಲ್ ಒಳಗೆ ಸೇರಿಸಿ. ಹಿಮದ ಮೇಲಿನ ಬಿಸಿಲು ಕಣ್ಣನ್ನ ಸುಡುತ್ತೆ, ಗಾಗಲ್ಸ್ ಶೋಕಿಗಲ್ಲ. ಬೂಟು ಹಾಕೋ ಮುಂಚೆ ಬಾತ್‌ರೂಮಿಗೆ ಹೋಗ್ಬನ್ನಿ, ಇದನ್ನ ಯಾವ ಟೂರಿನವರೂ ಹೇಳಲ್ಲ. ಸ್ಕೀಯಿಂಗಿನಲ್ಲಿ ಹೆಚ್ಚು ಪೆಟ್ಟು ಬೀಳೋದು ಮಂಡಿಗೆ. ಅದಕ್ಕೇ ಎರಡು ತಿಂಗಳ ಮುಂಚಿಂದ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಇಳೀರಿ. ಮಂಡಿ ಸವೆದಿದೆ ಅಂತ ಡಾಕ್ಟರ್ ಅಂದಿದ್ರೆ ಸ್ಕೀ ಬೇಡ, ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಹಿಮದ ಮೇಲೆ ನಡೆಯಿರಿ. ಅಡುಗೆಮನೆ ಕಿಟಕಿ ಮಾತ್ರ ಬೇಡ.

ಕ್ರಿಸ್‌ಮಸ್‌ನಿಂದ ಹೊಸವರ್ಷದ ತನಕ ಎಲ್ಲಾ ದುಬಾರಿ. ಜನವರಿ ಎರಡನೇ ವಾರ ಹೋದ್ರೆ ಉಳಿತಾಯ. ಮಕ್ಕಳ ಶಾಲೆ ತಪ್ಪಿಸೋಕಾಗಲ್ಲ ಅನ್ನೋರು ಏಪ್ರಿಲ್ ರಜದಲ್ಲಿ ಹಿಂಟರ್‌ಟುಕ್ಸ್, ಜರ್ಮಾಟ್ ಥರದ ಎತ್ತರದ ಜಾಗ ನೋಡಿ, ಅಲ್ಲಿ ಹಿಮನದಿ ಇರೋದರಿಂದ ಬೇಸಿಗೆಯಲ್ಲೂ ಸ್ಕೀ ಇರುತ್ತೆ. ವೀಸಾಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, ಕೊನೇ ಗಳಿಗೆಗೆ ಬಿಡಬೇಡಿ. ಯುರೋಪು ಕೈಗೆಟುಕದಿದ್ರೆ ಕಜಕಿಸ್ತಾನದ ಆಲ್ಮಾಟಿ ಪಕ್ಕದ ಶಿಂಬುಲಾಕ್ ಇದೆ. ಭಾರತೀಯರು ಅಲ್ಲಿ 14 ದಿನ ವೀಸಾ ಇಲ್ಲದೆ ಇರಬಹುದು.

ನಮ್ಮನೇಲಿ ಎರಡು ಜಾಕೆಟ್, ಒಂದು ಪ್ಯಾಂಟು, ನಾಲ್ಕು ಥರ್ಮಲ್ ಇವೆ. ಹೊರಡೋರು ಭಾನುವಾರ ಹತ್ತು ಗಂಟೆ ಮೇಲೆ ಬಂದು ಅಳತೆ ನೋಡಿ ತೊಗೊಂಡು ಹೋಗಿ, ಬಂದ ಮೇಲೆ ಒಗೆದು ಕೊಟ್ರೆ ಸಾಕು. ಇಂಡಕ್ಷನ್ ಕುಕ್ಕರ್ ಕೂಡ ಒಂದಿದೆ. ಅದನ್ನ ಮಾತ್ರ ಕೊಡಲ್ಲ.